ನಿಕ್ಷೇಪ ಮತ್ತು ರಹಸ್ಯ: ಹಂಚಿಹೋದ ಕಡತವೊಂದರ ವಿಮರ್ಶೆ

ರಹಸ್ಯವನ್ನು ಕಾಪಾಡಬೇಕಾದವನು ಪೆಟ್ಟಿಗೆಯನ್ನು ಒಳಕೋಣೆಯಲ್ಲಿಟ್ಟು ಕೀಲಿಕೈಯನ್ನು ನಂಬಿಕಸ್ಥರ ವಶಕ್ಕೆ ಕೊಡುವುದು ಲೋಕರೂಢಿ. ಪೆಟ್ಟಿಗೆಯನ್ನೇ ಸಾವಿರಾರು ಮಂದಿ ಅಪರಿಚಿತರಿಗೆ ಹಂಚಿ ಕೀಲಿಕೈಯನ್ನು ಮಾತ್ರ ತನ್ನಲ್ಲಿ ಇರಿಸಿಕೊಳ್ಳುವುದು ಈ ಶತಮಾನದ ಹೊಸ ಪದ್ಧತಿ. 2010ರ ಜುಲೈ ಕೊನೆಯಲ್ಲಿ ವಿಕಿಲೀಕ್ಸ್ ಸಂಸ್ಥೆಯು ಗೂಢಲಿಪಿಯಲ್ಲಿ ಬಂಧಿಸಿದ, ಸುಮಾರು 1.4 ಗಿಗಾಬೈಟ್ ಗಾತ್ರದ ಕಡತವೊಂದನ್ನು ‘ಇನ್ಶೂರೆನ್ಸ್’ ಎಂಬ ಹೆಸರಿಟ್ಟು ಅಂತರ್ಜಾಲದಲ್ಲಿ ಬಿಡುಗಡೆ ಮಾಡಿತು. ಯಾರು ಬೇಕಾದರೂ ಅದರ ಪ್ರತಿಯನ್ನು ಇಳಿಸಿಕೊಳ್ಳಬಹುದಿತ್ತು. ತೆರೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಒಳಗೇನಿದೆಯೆಂದು ಸಂಸ್ಥೆ ಹೇಳಲಿಲ್ಲ. ತನಗಾಗಲಿ ತನ್ನ ಮುಖ್ಯಸ್ಥರಾದ ಜೂಲಿಯನ್ ಅಸಾಂಜ್ ಅವರಿಗಾಗಲಿ ಕೇಡು ಒದಗಿದರೆ ಕೀಲಿಪದವನ್ನು ಬಯಲುಮಾಡಲಾಗುವುದು ಎಂಬುದೇ ಆ ‘ವಿಮೆ’ಯ ಇಂಗಿತವೆಂದು ಲೋಕ ಗ್ರಹಿಸಿತು. 2013ರ ಆಗಸ್ಟ್‌ನಲ್ಲಿ ಇದೇ ಬಗೆಯ ಇನ್ನೂ ಮೂರು ಕಡತಗಳು ಬಂದವು. ಅವುಗಳಲ್ಲಿ ದೊಡ್ಡದರ ಗಾತ್ರ 349 ಗಿಗಾಬೈಟ್.

ಇಂಥ ವಿಷಯಕ್ಕೂ ನಮ್ಮ ಪತ್ರಿಕೆಯ ವಾಚಕರಿಗೂ ಏನು ಸಂಬಂಧವೆಂದು ಕೇಳಬಹುದು. ಬಸದಿಯೊಂದರ ಆಡಳಿತ ಮಂಡಳಿಯ ಸಭೆಯಲ್ಲಿ ಕುಳಿತಿರುವ ಪ್ರಸಂಗ ನಮಗೆ ಒದಗಿತು. ತಮ್ಮಲ್ಲಿರುವ ಓಲೆಗರಿಗಳ ಛಾಯಾಪ್ರತಿಗಳನ್ನೂ ಬಸದಿಯ ಇತರ ದಾಖಲೆಗಳನ್ನೂ ಒಂದೇ ಕಡತವಾಗಿ ಕಟ್ಟಿ, ಬೀಗ ಹಾಕಿ, ಸಮಾಜದ ಹತ್ತಾರು ಮನೆಗಳ ಗಣಕಯಂತ್ರಗಳಲ್ಲಿ ಇರಿಸುವುದು ಅವರ ಆಲೋಚನೆ. ಒಂದೆಡೆ ಬೆಂಕಿ ಬಿದ್ದರೂ ಗೆದ್ದಲು ಹತ್ತಿದರೂ ಮತ್ತೊಂದೆಡೆ ಉಳಿದೀತು ಎಂಬ ಸದಾಶಯ ಅದರ ಹಿಂದಿತ್ತು. ಮಂಡಳಿಯ ತರುಣ ಸದಸ್ಯರೊಬ್ಬರು ವಿಕಿಲೀಕ್ಸ್‌ನ ದೃಷ್ಟಾಂತವನ್ನು ಮೆಚ್ಚುಗೆಯಿಂದ ಎತ್ತಿದರು. ಹಿರಿಯರೊಬ್ಬರು, ಗುಟ್ಟನ್ನು ಹೊರಗೆಡಹುವುದು ಸತ್ಯಾಣುವ್ರತದ ಅತಿಚಾರವಲ್ಲವೇ ಎಂದು ಆಕ್ಷೇಪಿಸಿದರು. ಆ ಮೆಚ್ಚುಗೆ, ಈ ಆಕ್ಷೇಪ, ಎರಡೂ ವಿಷಯದ ಮರ್ಮವನ್ನು ಮುಟ್ಟಲಿಲ್ಲವೆಂದು ನಮಗೆ ಅನ್ನಿಸಿತು. ಈ ಲೇಖನಕ್ಕೆ ಅದೇ ಕಾರಣ.

ವಿಮರ್ಶೆಗೆ ಆಧಾರವಾಗಿ ಗ್ರಂಥವೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯ ಡೇವಿಡ್ ಲೀ ಮತ್ತು ಲೂಕ್ ಹಾರ್ಡಿಂಗ್ ಅವರು ವಿಕಿಲೀಕ್ಸ್ ಹಾಗೂ ಅಸಾಂಜ್ ಅವರ ‘ರಹಸ್ಯದ ಮೇಲಿನ ಸಮರ’ವನ್ನು ಕುರಿತು ಬರೆದ ಪುಸ್ತಕವು 2011ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಓದಿಸಿಕೊಂಡು ಹೋಗುವ ಪುಸ್ತಕ. ಅಮೆರಿಕದ ರಾಯಭಾರ ಕಚೇರಿಗಳ 2,51,287 ತಂತಿಪತ್ರಗಳು ಪತ್ರಕರ್ತರ ಕೈಸೇರಿದ ಬಗೆ, ಅವುಗಳಲ್ಲಿ ಕಾಣುವ ಬಡಪಾಯಿಗಳ ಹೆಸರುಗಳನ್ನು ಅಳಿಸಿ ಅಚ್ಚುಮಾಡಲು ಐದು ಪತ್ರಿಕೆಗಳು ಕೈಗೊಂಡ ಶ್ರಮ, ಇವೆಲ್ಲ ವಿವರವಾಗಿವೆ. ಆದರೆ ಆ ಪುಸ್ತಕವನ್ನು ಇಂದು ತೆರೆದರೆ ನಮ್ಮ ಕಣ್ಣು ಒಂದೇ ಒಂದು ಕಡೆ ನಿಂತುಬಿಡುತ್ತದೆ. ಅಧ್ಯಾಯವೊಂದರ ತಲೆಯಲ್ಲಿ, ಬೇರೆ ಲೇಖಕರು ಸುಭಾಷಿತವೊಂದನ್ನು ಇಡುವ ಜಾಗದಲ್ಲಿ, ಈ ಲೇಖಕರು ತಂತಿಪತ್ರಗಳ ಕಡತದ ಕೀಲಿಪದವನ್ನು ಅಲಂಕಾರವಾಗಿ ಇಟ್ಟಿದ್ದಾರೆ. ಅಸಾಂಜ್ ಅವರು ಅದನ್ನು ಚೀಟಿಯಲ್ಲಿ ಬರೆದುಕೊಡುವಾಗ ಒಂದು ಶಬ್ದವನ್ನು ಬೇಕೆಂದೇ ಬಿಟ್ಟು, ಆ ಶಬ್ದವನ್ನು ಬಾಯಿಮಾತಿನಲ್ಲಿ ಹೇಳಿ ನೆನಪಿಟ್ಟುಕೊಳ್ಳಿರೆಂದರಂತೆ. ಚೀಟಿ ಕಳೆದುಹೋದರೂ ಸಿಕ್ಕಿದವನಿಗೆ ಉಪಯೋಗವಿಲ್ಲದಿರಲಿ ಎಂಬ ಎಚ್ಚರ ಅದು. ಪುಸ್ತಕದಲ್ಲಿ ಚೀಟಿಯ ಮಾತೂ ಅಚ್ಚಾಯಿತು, ಬಾಯಿಮಾತೂ ಅಚ್ಚಾಯಿತು.

ಮುಂದಿನ ಕಥೆ ಅಷ್ಟೇನೂ ದೀರ್ಘವಲ್ಲ. 2010ರ ಡಿಸೆಂಬರ್ ವೇಳೆಗೆ ವಿಕಿಲೀಕ್ಸ್‌ಗೆ ಆಶ್ರಯ ಕೊಟ್ಟಿದ್ದ ಅಮೆಜಾನ್ ಮೊದಲಾದ ಸಂಸ್ಥೆಗಳು ಕೈಬಿಟ್ಟಿದ್ದವು. ಅದರ ಅಭಿಮಾನಿಗಳು ಸಂಸ್ಥೆಯ ಹಳೆಯ ಸಂಗ್ರಹವನ್ನೆಲ್ಲ ಪ್ರತಿಮಾಡಿ ಬಿಟ್‌ಟೊರೆಂಟ್ ಜಾಲದಲ್ಲಿ ಹರಡಿದರು. ಆ ರಾಶಿಯ ಒಂದು ಮೂಲೆಯಲ್ಲಿ ತಂತಿಪತ್ರಗಳ ಬೀಗ ಹಾಕಿದ ಕಡತವೂ ಇತ್ತು. ಹಂಚಿದವರಿಗೆ ಅದು ಏನೆಂದು ತಿಳಿದಿರಲಿಲ್ಲ, ಪಡೆದವರಿಗೂ ತಿಳಿಯಲಿಲ್ಲ. ಪೆಟ್ಟಿಗೆ ಒಂದು ದಾರಿಯಲ್ಲಿ, ಕೀಲಿಕೈ ಇನ್ನೊಂದು ದಾರಿಯಲ್ಲಿ, ಎರಡೂ ಬಹಿರಂಗವಾಗಿಯೇ ತಿಂಗಳುಗಟ್ಟಲೆ ಸಂಚರಿಸಿದವು. 2011ರ ಆಗಸ್ಟ್ ಕೊನೆಯಲ್ಲಿ ಜರ್ಮನಿಯ ‘ಡೆರ್ ಫ್ರೈಟಾಗ್’ ವಾರಪತ್ರಿಕೆಯು, ವಿವರಗಳನ್ನು ಹೇಳದೆ, ಇಂಥದೊಂದು ಸಂಗತಿ ಇದೆಯೆಂದು ಸೂಚಿಸಿತು. ಅಷ್ಟೇ ಸಾಕಾಯಿತು; ಹುಡುಕುವವರು ಎರಡನ್ನೂ ಕೂಡಿಸಿದರು. ಸೆಪ್ಟೆಂಬರ್ 2ರಂದು ವಿಕಿಲೀಕ್ಸ್ ತಾನೇ ಎಲ್ಲ ಪತ್ರಗಳನ್ನೂ ಹೆಸರುಗಳನ್ನು ಅಳಿಸದೆ ಪ್ರಕಟಿಸಿತು. ಜೊತೆಗಾರರಾಗಿದ್ದ ಐದು ಪತ್ರಿಕೆಗಳು ಅದನ್ನು ಒಕ್ಕೊರಲಿನಿಂದ ಖಂಡಿಸಿದವು. ಅದೇ ತಿಂಗಳಲ್ಲಿ, ತಂತಿಪತ್ರವೊಂದರಲ್ಲಿ ಹೆಸರು ಬಂದುದರ ದೆಸೆಯಿಂದ ಇಥಿಯೋಪಿಯಾದ ಪತ್ರಕರ್ತರೊಬ್ಬರು ಅಧಿಕಾರಿಗಳ ವಿಚಾರಣೆಗೆ ಗುರಿಯಾಗಿ ದೇಶವನ್ನೇ ಬಿಟ್ಟುಹೋಗಬೇಕಾಯಿತು.

ಇಲ್ಲಿ ತಪ್ಪು ಯಾರದೆಂಬ ವಾಗ್ವಾದ ಬಹುಕಾಲ ನಡೆಯಿತು. ಕೀಲಿಪದ ತಾತ್ಕಾಲಿಕವೆಂದೂ ಕೆಲವು ಗಂಟೆಗಳಲ್ಲಿ ರದ್ದಾಗುವುದೆಂದೂ ತಮಗೆ ಹೇಳಲಾಗಿತ್ತು ಎಂಬುದು ಗಾರ್ಡಿಯನ್ ಪಕ್ಷದ ಸಮಾಧಾನ. ಈ ಸಮಾಧಾನವನ್ನು ಪರೀಕ್ಷಿಸಬೇಕಾದರೆ ಹಂಚಿಕೆಯ ಜಾಲ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ತಿಳಿಯಬೇಕು.

ಬಿಟ್‌ಟೊರೆಂಟ್ ಎಂಬ ಪದ್ಧತಿಯನ್ನು 2001ರಲ್ಲಿ ಬ್ರಾಮ್ ಕೋಹೆನ್ ಎಂಬವರು ರೂಪಿಸಿದರು. ನಮ್ಮ ಪುರಾತನ ಲಿಪಿಕಾರರನ್ನು ನೆನೆದುಕೊಂಡರೆ ಅದು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಒಂದು ಗ್ರಂಥದ ಗರಿಗಳನ್ನು ಬಿಚ್ಚಿ ನೂರು ಜನ ಲಿಪಿಕಾರರಿಗೆ ಹಂಚಿದರೆಂದು ಭಾವಿಸೋಣ. ಒಬ್ಬನು ತಾನು ಬರೆದುಕೊಂಡ ಗರಿಯನ್ನು ಪಕ್ಕದವನಿಗೆ ತೋರಿಸುತ್ತಾನೆ, ಪಕ್ಕದವನ ಗರಿಯನ್ನು ತಾನು ನೋಡಿ ಬರೆದುಕೊಳ್ಳುತ್ತಾನೆ. ಹೀಗೆ ಪಡೆಯುವವನೇ ಕೊಡುವವನೂ ಆಗಿ, ಸ್ವಲ್ಪ ಹೊತ್ತಿನಲ್ಲಿ ನೂರು ಜನರ ಬಳಿಯೂ ಇಡೀ ಗ್ರಂಥ ಇರುತ್ತದೆ. ಪ್ರತಿ ಗರಿಗೂ ಅದರ ಅಕ್ಷರಗಳಿಂದಲೇ ಲೆಕ್ಕಹಾಕಿದ ಒಂದು ಮುದ್ರೆ ಇರುತ್ತದೆ. ಒಂದಕ್ಷರ ಬದಲಾದರೂ ಮುದ್ರೆ ಹೊಂದುವುದಿಲ್ಲ, ಅಂಥ ಗರಿಯನ್ನು ಯಾರೂ ಸ್ವೀಕರಿಸುವುದಿಲ್ಲ. ಮೂಲ ಗ್ರಂಥದ ಒಡೆಯನು ಎದ್ದು ಮನೆಗೆ ಹೋದರೂ, ತೀರಿಕೊಂಡರೂ, ಲಿಪಿಕಾರರಲ್ಲಿ ಒಬ್ಬಿಬ್ಬರು ಕುಳಿತಿರುವವರೆಗೆ ಬರವಣಿಗೆ ನಡೆದೇ ಇರುತ್ತದೆ.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಒಮ್ಮೆ ಹಂಚಿದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬುದು ಎಲ್ಲರಿಗೂ ಹೊಳೆಯುವ ಮಾತು. ಹಂಚಿದ ಬೀಗವನ್ನು ಬದಲಾಯಿಸುವಂತಿಲ್ಲ ಎಂಬ ಎರಡನೆಯದು ಅಷ್ಟಾಗಿ ಹೊಳೆಯದು. ಬ್ಯಾಂಕಿನ ಖಾತೆಗೆ ಕೀಲಿಪದ ಬದಲಿಸಿದರೆ ಹಳೆಯದು ವ್ಯರ್ಥವಾಗುತ್ತದೆ. ಏಕೆಂದರೆ ಅಲ್ಲಿ ಬಾಗಿಲೂ ಒಂದೇ, ದ್ವಾರಪಾಲಕನೂ ಒಬ್ಬನೇ. ಗೂಢಲಿಪಿಯ ಕಡತದಲ್ಲಿ ದ್ವಾರಪಾಲಕನೇ ಇಲ್ಲ. ಯಾವ ಕೀಲಿಪದದಿಂದ ಬಂಧಿಸಲಾಯಿತೋ ಆ ಕೀಲಿಪದ ಆ ಪ್ರತಿಗೆ ಆಜನ್ಮ ಅಂಟಿದ್ದು. ಕಡತವಿರುವ ತಾಣವನ್ನು ಕೆಲವು ಗಂಟೆಗಳಲ್ಲಿ ಮುಚ್ಚಬಹುದು. ಕಡತದ ಕೀಲಿಪದಕ್ಕೆ ಗಂಟೆಗಳ ಲೆಕ್ಕವಿಲ್ಲ. ಗಾರ್ಡಿಯನ್ ಪಕ್ಷದ ಸಮಾಧಾನ ಈ ಎರಡನ್ನು ಒಂದೆಂದು ಭಾವಿಸುತ್ತದೆ. ಆದರೆ ಲೇಖಕರನ್ನು ಮಾತ್ರ ದೂರಿ ವಿಕಿಲೀಕ್ಸ್‌ಅನ್ನು ಬಿಟ್ಟುಬಿಡುವುದೂ ಸಲ್ಲದು. ಒಬ್ಬ ಪತ್ರಕರ್ತನಿಗೆ ಕೊಟ್ಟ ಕೀಲಿಪದವಿರುವ ಕಡತವನ್ನೇ ತನ್ನ ಸಂಗ್ರಹದ ಮೂಲೆಯಲ್ಲಿ ಹಾಗೆಯೇ ಬಿಟ್ಟದ್ದು, ಆ ಸಂಗ್ರಹ ಊರೆಲ್ಲ ಹರಡುವಾಗ ಅದರಲ್ಲಿ ಏನಿದೆಯೆಂದು ನೋಡದೆ ಇದ್ದದ್ದು ಯಾರ ಪ್ರಮಾದ?

ಈಗ ಆ ಹಿರಿಯರ ಆಕ್ಷೇಪಕ್ಕೆ ಬರೋಣ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಮೂರನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಓದಿದವರೆಲ್ಲ ಬಲ್ಲರು. ಇಂಥ ಪ್ರಸಂಗಗಳಲ್ಲಿ ನಮ್ಮವರು ಕೂಡಲೇ ರಹೋಭ್ಯಾಖ್ಯಾನವನ್ನು ಉಚ್ಚರಿಸುತ್ತಾರೆ. ಆದರೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ನೋಡಿದರೆ ಆ ಶಬ್ದದ ವ್ಯಾಪ್ತಿ ಬಹಳ ಚಿಕ್ಕದು. ಸ್ತ್ರೀಪುರುಷರ ಏಕಾಂತದ ನಡೆಯನ್ನು ಬಯಲಿಗೆಳೆಯುವುದು ಅಲ್ಲಿ ವಿವಕ್ಷಿತ. ಸಾಕಾರಮಂತ್ರಭೇದವೆಂದರೆ ಪರರ ಮುಖಚರ್ಯೆ, ಅಂಗವಿಕಾರಗಳಿಂದ ಅವರ ಅಭಿಪ್ರಾಯವನ್ನು ಊಹಿಸಿ ಅಸೂಯೆಯಿಂದ ಬಹಿರಂಗಪಡಿಸುವುದು. ನ್ಯಾಸಾಪಹಾರವಂತೂ, ಒತ್ತೆಯಿಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ ಹೌದೆಂದು ತಲೆಯಾಡಿಸುವ ವಂಚನೆ. ಇವುಗಳಲ್ಲಿ ಯಾವುದೂ ರಾಜ್ಯವೊಂದರ ಗುಪ್ತಪತ್ರಗಳನ್ನು ಪ್ರಕಟಿಸುವ ಕಾರ್ಯಕ್ಕೆ ಎಳೆದರಲ್ಲದೆ ಅನ್ವಯಿಸದು. ಎಳೆದು ಅನ್ವಯಿಸುವುದರಲ್ಲಿ ಒಂದು ಅಪಾಯವೂ ಇದೆ. ಬಾಗ್ದಾದಿನಲ್ಲಿ 2007ರ ಜುಲೈ 12ರಂದು ಅಮೆರಿಕದ ಹೆಲಿಕಾಪ್ಟರಿನಿಂದ ಗುಂಡು ಹಾರಿಸಿ ರಾಯಿಟರ್ಸ್ ಸಂಸ್ಥೆಯ ಇಬ್ಬರು ನೌಕರರೂ ಸೇರಿ ಹಲವರನ್ನು ಕೊಂದ ಚಿತ್ರಸುರುಳಿಯನ್ನು ವಿಕಿಲೀಕ್ಸ್ 2010ರ ಏಪ್ರಿಲ್‌ನಲ್ಲಿ ತೋರಿಸಿತು. ಹಿಂಸೆಯನ್ನು ಮುಚ್ಚಿಟ್ಟವನ ಗುಟ್ಟನ್ನು ಕಾಪಾಡುವುದು ವ್ರತಪಾಲನೆಯೆಂದು ಹೇಳಿದರೆ, ಅಹಿಂಸೆಯ ಬೇಲಿಗಾಗಿ ಹಾಕಿದ ಸತ್ಯವ್ರತವು ಅಹಿಂಸೆಯ ಬೆಳೆಯನ್ನೇ ಮೇಯ್ದಂತಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಈ ವಿಷಯಕ್ಕೆ ತಕ್ಕ ಸ್ಥಾನ ಏಳನೆಯ ಅಧ್ಯಾಯವಲ್ಲ, ಆರನೆಯದು. ಅಲ್ಲಿ ಆಸ್ರವಕ್ಕೆ ಆಧಾರವಾಗುವ ಅಧಿಕರಣಗಳನ್ನು ಹೇಳುವಾಗ, ಜೀವಾಧಿಕರಣದ ನಂತರ ಅಜೀವಾಧಿಕರಣವನ್ನು ಹೇಳಿದೆ. ಅದರ ನಾಲ್ಕು ಬಗೆಗಳಲ್ಲಿ ನಿಕ್ಷೇಪ ಒಂದು. ನಿಕ್ಷೇಪವೆಂದರೆ ವಸ್ತುವನ್ನು ಇಡುವುದು, ಅಷ್ಟೇ. ಇದರಲ್ಲಿಯೂ ನಾಲ್ಕು ಭೇದಗಳು: ನೋಡದೆ ಇಡುವ ಅಪ್ರತ್ಯವೇಕ್ಷಿತ, ಸರಿಯಾಗಿ ಒರೆಸದೆ ಇಡುವ ದುಷ್ಪ್ರಮೃಷ್ಟ, ಅವಸರದಲ್ಲಿ ಇಡುವ ಸಹಸಾ, ಎಲ್ಲಿ ಇಡುತ್ತಿದ್ದೇನೆಂಬ ಗಮನವೇ ಇಲ್ಲದೆ ಇಡುವ ಅನಾಭೋಗ. ಮುನಿಗಳು ಕಮಂಡಲವನ್ನು ಕೆಳಗಿಡುವ ಮೊದಲು ನೆಲವನ್ನು ಪಿಂಛದಿಂದ ಸವರುವುದು ಇದಕ್ಕೇ. ಇಲ್ಲಿ ವಸ್ತು ನಿರ್ಜೀವ. ಇಟ್ಟವನಿಗೆ ಕೊಲ್ಲುವ ಮನಸ್ಸಿಲ್ಲ. ಕೆಲವೊಮ್ಮೆ ಯಾವ ಜೀವಿಯೂ ಸಾಯುವುದಿಲ್ಲ. ಆದರೂ ಇಡುವ ಕ್ರಿಯೆಗೇ ಹೊಣೆಯಿದೆ ಎಂದು ನಮ್ಮ ಆಚಾರ್ಯರು ಪ್ರತ್ಯೇಕವಾಗಿ ಗುರುತಿಸಿದರು. ಸಾಮಾನ್ಯ ನ್ಯಾಯಶಾಸ್ತ್ರ ಇಷ್ಟು ಸೂಕ್ಷ್ಮಕ್ಕೆ ಇಳಿಯುವುದು ಅಪರೂಪ. ನ್ಯಾಯಾಲಯ ಕೇಳುವುದು, ಕೇಡಾಯಿತೇ, ಯಾರಿಗೆ ಆಯಿತು ಎಂದು. 2024ರ ಜೂನ್‌ನಲ್ಲಿ ಸೈಪಾನ್ ದ್ವೀಪದ ನ್ಯಾಯಾಲಯದಲ್ಲಿ ಅಸಾಂಜ್ ಅವರು ಒಂದು ಆರೋಪವನ್ನು ಒಪ್ಪಿಕೊಂಡು ಬಿಡುಗಡೆ ಹೊಂದಿದಾಗ, ಈ ಪ್ರಕರಣದಲ್ಲಿ ನೇರವಾಗಿ ನೊಂದ ವ್ಯಕ್ತಿಯಿಲ್ಲವೆಂಬುದನ್ನು ನ್ಯಾಯಾಧೀಶರು ಗಮನಕ್ಕೆ ತಂದುಕೊಂಡರು. ಅಸಾಂಜ್ ಅವರ ಪಕ್ಷದಲ್ಲಿ ಇದು ಬಲವಾದ ಮಾತು, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಕ್ಷೇಪದ ಪ್ರಶ್ನೆಗೆ ಅದು ಉತ್ತರವಲ್ಲ. ನೆಲವನ್ನು ನೋಡದೆ ಕಮಂಡಲವಿಟ್ಟವನು, ಎತ್ತಿ ನೋಡಿದಾಗ ಕೆಳಗೆ ಇರುವೆಯಿರಲಿಲ್ಲವೆಂದು ಸಂತೋಷಪಡಬಹುದು, ನೋಡಿದ್ದೆನೆಂದು ಹೇಳುವಂತಿಲ್ಲ.

ಈ ನಾಲ್ಕು ಭೇದಗಳನ್ನು ಹಿಡಿದುಕೊಂಡು ಮೇಲಿನ ಕಥೆಯನ್ನು ಮತ್ತೊಮ್ಮೆ ಓದಿದರೆ ಪಾತ್ರಧಾರಿಗಳು ತಮ್ಮ ತಮ್ಮ ಸ್ಥಾನಗಳಲ್ಲಿ ತಾವೇ ನಿಲ್ಲುತ್ತಾರೆ. ಒಳಗೇನಿದೆಯೆಂದು ಅರಿಯದೆ ಸಂಗ್ರಹವನ್ನು ಹಂಚಿದ ಅಭಿಮಾನಿಗಳದು ಅನಾಭೋಗ. ಎದುರಾಳಿಗಳು ಬಾಗಿಲು ಮುಚ್ಚುವ ಮೊದಲೇ ಹೊರಗೆ ಸಾಗಿಸಬೇಕೆಂಬ ತ್ವರೆ ಸಹಸಾ. ಹಳೆಯ ಕೀಲಿಪದ ಅಂಟಿಕೊಂಡಿದ್ದ ಕಡತವನ್ನು ಅಳಿಸದೆ ಮೂಲೆಯಲ್ಲಿ ಬಿಟ್ಟದ್ದು ದುಷ್ಪ್ರಮೃಷ್ಟ. ತಾವು ಅಚ್ಚುಮಾಡುತ್ತಿರುವ ಶಬ್ದ ಇನ್ನೂ ಎಲ್ಲಿಯಾದರೂ ಬೀಗ ತೆಗೆಯಬಲ್ಲುದೇ ಎಂದು ನೋಡದ ಲೇಖಕರದು ಅಪ್ರತ್ಯವೇಕ್ಷಿತ. ಒಬ್ಬೊಬ್ಬರ ಪಾಲೂ ಅಲ್ಪವೆಂದು ತೋರುತ್ತದೆ. ಜಾಲದ ಸ್ವಭಾವವೇ ಹಾಗೆ, ಅದು ಕಡತವನ್ನು ತುಂಡುಮಾಡುವಂತೆ ಹೊಣೆಯನ್ನೂ ತುಂಡುಮಾಡಿದಂತೆ ಭ್ರಮೆ ಹುಟ್ಟಿಸುತ್ತದೆ. ನಮ್ಮಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಸೇರಿಯೇ ಜಪಮಾಲೆಯ ನೂರೆಂಟು ಮಣಿಗಳ ಲೆಕ್ಕ ಪೂರ್ತಿಯಾಗುವುದು. ಮಾಡಿದವನಿಗೆ ಮೂರರಲ್ಲಿ ಒಂದಂಶ, ಒಪ್ಪಿದವನಿಗೆ ಒಂದಂಶ ಎಂದು ಅಲ್ಲಿ ಭಾಗಾಕಾರವಿಲ್ಲ.

‘ವಿಮೆ’ಯ ಕಡತದ ವಿಷಯದಲ್ಲಿ ನಮ್ಮ ಆಕ್ಷೇಪ ಇನ್ನೂ ಕಠಿನವಾದುದು. ಅದರ ಕೀಲಿಪದ ಬಯಲಾಗಿಲ್ಲ; ಆದ್ದರಿಂದ ಯಾರಿಗೂ ತೊಂದರೆಯಾಗಿಲ್ಲ ಎನ್ನಬಹುದು. ಆದರೆ ಆ ಏರ್ಪಾಡಿನ ತರ್ಕವನ್ನು ನೋಡಿರಿ. ಕಡತದಲ್ಲಿರುವ ಸಂಗತಿ ಜನರಿಗೆ ತಿಳಿಯಬೇಕಾದದ್ದಾದರೆ ಅದನ್ನು ಅಡಗಿಸಿಟ್ಟದ್ದೇಕೆ? ತಿಳಿದರೆ ನಿರಪರಾಧಿಗಳಿಗೆ ಕೇಡಾಗುವಂಥದಾದರೆ, ಪ್ರಕಾಶಕನು ಬಂಧನಕ್ಕೊಳಗಾದ ಮಾತ್ರಕ್ಕೆ ಆ ಕೇಡು ಹೇಗೆ ತಾನೇ ಇಲ್ಲವಾಗುತ್ತದೆ? ಪ್ರಕಟಣೆಯ ಯೋಗ್ಯಾಯೋಗ್ಯತೆಯನ್ನು ವಿಷಯದಿಂದ ಬಿಡಿಸಿ ತನ್ನ ದೇಹದ ಕ್ಷೇಮಕ್ಕೆ ಗಂಟುಹಾಕಿದಂತಾಯಿತು. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಹಾಸ್ಯಗಳ ಜೊತೆಗೆ ಭಯವನ್ನೂ ತ್ಯಜಿಸಬೇಕೆಂದಿದೆ. ಭಯದಿಂದ ಆಡಿದ ಮಾತು ಸತ್ಯವಾದರೂ ಕಲುಷಿತವೆಂಬುದು ಅದರ ತಾತ್ಪರ್ಯ. ಈ ಕಡತವಾದರೋ ಭಯದಿಂದ ಹುಟ್ಟಿ, ಪರರಲ್ಲಿ ಭಯ ಹುಟ್ಟಿಸುವುದಕ್ಕಾಗಿಯೇ ಇರುವುದು. ಅದು ಒಂದು ಮಾತನ್ನೂ ಆಡದೆ ಇದನ್ನು ಸಾಧಿಸುತ್ತದೆ. ಪೂಜ್ಯಪಾದರು ಅಸತ್ಯವನ್ನು ವಿವರಿಸುವಾಗ, ಪ್ರಾಣಿಗಳಿಗೆ ಪೀಡೆಯುಂಟುಮಾಡುವ ಮಾತು, ಇರುವುದನ್ನು ಕುರಿತದ್ದಾಗಲಿ ಇಲ್ಲದ್ದನ್ನು ಕುರಿತದ್ದಾಗಲಿ, ಅಪ್ರಶಸ್ತವೇ ಎಂದು ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಅಸಾಂಜ್ ಅವರ ಪ್ರಾಣಭಯ ನಿರಾಧಾರವೆಂದು ನಾವು ಹೇಳುತ್ತಿಲ್ಲ. ಲಂಡನ್ನಿನ ಬೆಲ್‌ಮಾರ್ಷ್ ಸೆರೆಮನೆಯಲ್ಲಿ ಅವರು ಕಳೆದ ಐದು ವರ್ಷಗಳು ಎಲ್ಲರ ಕಣ್ಣ ಮುಂದಿವೆ.

ಇಷ್ಟನ್ನು ಹೇಳಿ ಲೇಖನವನ್ನು ಮುಗಿಸಿದರೆ ವಾಚಕರು ಒಪ್ಪಿಯಾರು. ಆದರೆ ಅದು ಅರ್ಧ ಪ್ರಾಮಾಣಿಕತೆಯಾದೀತು. ಏಕೆಂದರೆ ಮುಚ್ಚಿಟ್ಟದ್ದನ್ನು ಪ್ರತಿಯ ಮೇಲೆ ಪ್ರತಿ ಮಾಡಿ ಹಂಚಿ ಬಿಡುಗಡೆ ಮಾಡಿದ ಕಥೆಯೊಂದು ನಮ್ಮ ಮನೆಯೊಳಗೇ ಇದೆ. ಅದರ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆ ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿತ್ತು. ಯಾತ್ರಿಕರಿಗೆ ಅದರ ದರ್ಶನವಾಗುತ್ತಿತ್ತು, ಅಧ್ಯಯನ ಸಾಧ್ಯವಿರಲಿಲ್ಲ. 1883ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಅದನ್ನು ಕಂಡು, ಗರಿಗಳು ಶಿಥಿಲವಾಗುತ್ತಿರುವುದಕ್ಕೆ ಮರುಗಿದರು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೂ ಅವರೊಡನೆ ಸೇರಿ ಪ್ರಯತ್ನಿಸಿದ ಫಲವಾಗಿ 1896ರಲ್ಲಿ ಪ್ರತಿಮಾಡುವ ಕೆಲಸ ಮೊದಲಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಲಿಪಿಕಾರರು. ಪ್ರತಿಯನ್ನು ಮೂಡಬಿದಿರೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ, ಯಾರಿಗೂ ತಿಳಿಯದಂತೆ, ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನು ಮಾಡಿಕೊಂಡರು. ಅದನ್ನು ಸೇಠರಿಗೆ ಒಪ್ಪಿಸಲು ಹೋದಾಗ, ಇಷ್ಟು ವರ್ಷ ಹಣ ಶ್ರಮಗಳನ್ನು ಸುರಿದಿದ್ದ ಅವರೇ, ಕದ್ದು ಮಾಡಿದ ಪ್ರತಿ ತಮಗೆ ಬೇಡವೆಂದರು. 1915ರಲ್ಲಿ ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಬಳಿ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ನಿಯುಕ್ತರಾದ ಸೀತಾರಾಮ ಶಾಸ್ತ್ರಿಗಳು ತಾವೂ ಗುಟ್ಟಾಗಿ ಒಂದು ಪ್ರತಿಯನ್ನು ಉಳಿಸಿಕೊಂಡು, ಅದರಿಂದ ಮತ್ತೆ ಪ್ರತಿಗಳನ್ನು ಮಾಡಿ ಆರಾ, ಕಾರಂಜಾ, ಅಮರಾವತಿ ಮುಂತಾದ ಸ್ಥಳಗಳಿಗೆ ಮುಟ್ಟಿಸಿದರು. ಒಂದು ಪ್ರತಿ ಹತ್ತಾಯಿತು. ಇಂಥ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಅಮರಾವತಿಯಿಂದ ಹೊರತಂದರು. 1958ರ ಹೊತ್ತಿಗೆ ಹದಿನಾರು ಸಂಪುಟಗಳು ಪೂರ್ತಿಯಾದವು.

ಬಿಟ್‌ಟೊರೆಂಟನ್ನು ಆಕ್ಷೇಪಿಸುವ ಶ್ರಾವಕನ ಕಪಾಟಿನಲ್ಲಿ ಆ ಹದಿನಾರು ಸಂಪುಟಗಳಿದ್ದರೆ ಅವನು ಏನು ಹೇಳಬೇಕು? ಅಸ್ತೇಯಾಣುವ್ರತದ ಅತಿಚಾರಗಳಲ್ಲಿ ಕದ್ದದ್ದನ್ನು ಸ್ವೀಕರಿಸುವ ತದಾಹೃತಾದಾನವೂ ಇದೆ. ಸೇಠರು ನಿರಾಕರಿಸಿದ್ದು ಈ ಅಳುಕಿನಿಂದಲೇ ಇರಬೇಕು. ಅವರ ನಿರಾಕರಣೆಯನ್ನು ನಾವು ಗೌರವದಿಂದ ಕಾಣುತ್ತೇವೆ. ಆದರೆ ಅವರ ನಿರಾಕರಣೆಯಿಂದ ಗ್ರಂಥ ಪ್ರಕಟವಾಗಲಿಲ್ಲ, ಲಾಲಾಜಿಯವರ ಸ್ವೀಕಾರದಿಂದ ಆಯಿತು. ಇನ್ನೊಂದು ಪಕ್ಷವನ್ನೂ ತೂಗಬೇಕು. ಆರನೆಯ ಅಧ್ಯಾಯದಲ್ಲಿಯೇ, ನಿಕ್ಷೇಪದ ಬೆನ್ನಿಗೇ, ಜ್ಞಾನಾವರಣ ಕರ್ಮದ ಕಾರಣಗಳಾಗಿ ಜ್ಞಾನವನ್ನು ಬಚ್ಚಿಡುವ ನಿಹ್ನವವನ್ನೂ ಅರ್ಹನಿಗೆ ಕೊಡದ ಮಾತ್ಸರ್ಯವನ್ನೂ ಹೇಳಿದೆ. ಪರಕೀಯರ ದಾಳಿ, ಲೂಟಿಗಳ ಭಯದಲ್ಲಿ ಗ್ರಂಥಗಳನ್ನು ಎದೆಗವಚಿಕೊಂಡು ಉಳಿಸಿದ ಮೂಡಬಿದಿರೆಯ ಪೂರ್ವಿಕರನ್ನು ಈ ಶಬ್ದಗಳಿಂದ ನಿಂದಿಸಲು ನಮಗೆ ಬಾಯಿ ಬಾರದು. ಅವರು ಅವಚಿಕೊಳ್ಳದಿದ್ದರೆ ಪ್ರತಿಮಾಡಲು ಗಜಪತಿಗಳಿಗೆ ಏನಿರುತ್ತಿತ್ತು? ಗಜಪತಿ ದಂಪತಿಗಳು ಕೊಟ್ಟ ಮಾತನ್ನು ಮುರಿದರೆಂಬುದನ್ನು ಮರೆಮಾಚುವುದೂ ಸಲ್ಲದು. ಆ ಕಾರ್ಯದಲ್ಲಿ ದೋಷವಿತ್ತು, ಅದರಿಂದ ಮಹೋಪಕಾರವಾಯಿತು. ಎರಡನ್ನೂ ಒಂದರೊಳಗೊಂದು ಕರಗಿಸಿ ಸಮಾಧಾನ ಪಟ್ಟುಕೊಳ್ಳುವ ಉಪಾಯವನ್ನು ನಾವು ಕಂಡಿಲ್ಲ.

ಆದರೂ ಎರಡು ಹಂಚಿಕೆಗಳು ಒಂದೇ ಬಗೆಯವಲ್ಲ. ತಾಳೆಗರಿಯಲ್ಲಿದ್ದದ್ದು ಶ್ರುತ, ಬಯಲಾದರೆ ಯಾವ ಜೀವಿಗೂ ಪೀಡೆಯಿಲ್ಲ. ತಂತಿಪತ್ರಗಳಲ್ಲಿದ್ದದ್ದು ಜೀವಂತ ಮನುಷ್ಯರ ಹೆಸರುಗಳು. ಮತ್ತೊಂದು ವ್ಯತ್ಯಾಸವೂ ಇದೆ. ಮೊದಲ ಸಂಪುಟ ಹೊರಬಂದ ಮೇಲೆ ಮೂಡಬಿದಿರೆಯವರ ಮನಸ್ಸು ಬದಲಾಯಿತು. ಮೂಲ ತಾಳೆಗರಿಗಳೊಡನೆ ಅಚ್ಚಿನ ಪಾಠವನ್ನು ತಾಳೆನೋಡಲು ಅವಕಾಶ ದೊರೆಯಿತು. ಮುಂದಿನ ಸಂಪುಟಗಳಲ್ಲಿ ಆ ಪಾಠಾಂತರಗಳು ಸೇರಿವೆ. ಗುಟ್ಟಿನ ಪ್ರತಿಯಲ್ಲಿ ಬಿಟ್ಟುಹೋಗಿದ್ದ ಸಾಲುಗಳು ಮೂಲದ ಮನೆಯಿಂದಲೇ ತುಂಬಿಬಂದವು. ಬಿಡುಗಡೆಯ ಬಳಿಕವೂ ತಿದ್ದುವ ದಾರಿ ತೆರೆದಿತ್ತು. ಹರಡಿದ ತಂತಿಪತ್ರದಿಂದ ಒಂದು ಹೆಸರನ್ನು ಅಳಿಸಬೇಕೆಂದರೆ ಯಾರ ಮನೆಗೆ ಹೋಗುವುದು?

ಷಟ್ಖಂಡಾಗಮದ ಉಗಮದ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ಶ್ರುತ ಅಳಿದೀತೆಂದು ಚಿಂತಿಸಿ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಒಮ್ಮೆಲೇ ಕಲಿಸಲಿಲ್ಲ. ಒಬ್ಬರಿಗೆ ಒಂದಕ್ಷರ ಹೆಚ್ಚಾದ ಮಂತ್ರವನ್ನೂ ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರವನ್ನೂ ಕೊಟ್ಟು ಸಾಧಿಸಿರೆಂದರು. ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಲ್ಲಿ ವಿಕಾರವಿರದು, ದೋಷ ಮಂತ್ರದಲ್ಲಿರಬೇಕೆಂದು ಮುನಿಗಳು ತಾವೇ ಅಕ್ಷರವನ್ನು ತಿದ್ದಿಕೊಂಡರು. ಆ ಮೇಲೆ ಪಾಠ ಮೊದಲಾಯಿತು. ಅವರೇ ಪುಷ್ಪದಂತ, ಭೂತಬಲಿ ಆಚಾರ್ಯರು. ಅಸಾಂಜ್ ಅವರೂ ಒಂದು ಶಬ್ದವನ್ನು ಬಿಟ್ಟು ಬರೆದುಕೊಟ್ಟರು. ಅದರಿಂದ ಚೀಟಿಗೆ ಕಾವಲಾಯಿತೇ ಹೊರತು ಪಡೆದವನ ಪರೀಕ್ಷೆಯಾಗಲಿಲ್ಲ. ಜಾಲದಲ್ಲಿಯಂತೂ ಪಡೆಯುವವನನ್ನು ಪರೀಕ್ಷಿಸುವವರೇ ಇಲ್ಲ. ಗಣಿತಮುದ್ರೆ ಗರಿಯನ್ನು ಪರೀಕ್ಷಿಸುತ್ತದೆ, ಓದುವವನನ್ನಲ್ಲ.

ಆ ಆಡಳಿತ ಮಂಡಳಿಯ ಸಭೆಯಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: ಆ ಒಂದು ಕಡತದೊಳಗೆ ಏನೇನು ಸೇರಲಿದೆ? ಪಟ್ಟಿಯನ್ನು ಓದಿದರು. ಓಲೆಗರಿಗಳ ಛಾಯಾಪ್ರತಿಗಳು, ಬಸದಿಯ ಜಮೀನಿನ ಪತ್ರಗಳು, ಬಿಂಬಗಳ ತೂಕ, ಅಳತೆ, ಅವುಗಳನ್ನಿಡುವ ಭದ್ರ ಪೆಟ್ಟಿಗೆಯ ಸ್ಥಳ, ಗುಪ್ತದಾನ ಕೊಟ್ಟವರ ಹೆಸರುಗಳು, ಸಹಾಯ ಪಡೆದ ಬಡ ಕುಟುಂಬಗಳ ವಿವರ. ಹತ್ತಾರು ಮನೆಗಳಲ್ಲಿ, ಮೊಮ್ಮಕ್ಕಳು ಆಡುವ ಗಣಕಯಂತ್ರಗಳಲ್ಲಿ, ಬದಲಿಸಲಾಗದ ಒಂದೇ ಕೀಲಿಪದದ ಕೆಳಗೆ ಇವೆಲ್ಲ. 2013ರಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಬಿಂಬಗಳು ಕಳುವಾದುದು ನಮ್ಮ ಸಮಾಜ ಮರೆಯುವ ಸಂಗತಿಯಲ್ಲ. ಓಲೆಗರಿಗಳಿಗೆ ಬೀಗವೇ ಬೇಡ, ಅವನ್ನು ಯಾರು ಕೇಳಿದರೂ ಕೊಡೋಣ; ಉಳಿದದ್ದನ್ನು ಹಂಚುವುದೇ ಬೇಡ ಎಂದು ನಾವು ಹೇಳಿದೆವು. ಮೊದಲನೆಯ ಮಾತಿಗೆ ಇ��್ಬರು ಹಿರಿಯರು ಒಪ್ಪಲಿಲ್ಲ, ಎರಡನೆಯದಕ್ಕೆ ತರುಣರು ಒಪ್ಪಲಿಲ್ಲ. ಕೀಲಿಪದವನ್ನು ಯಾರು ಇಟ್ಟುಕೊಳ್ಳುವುದೆಂಬ ಪ್ರಶ್ನೆ ಬಂದಾಗ, ಕಾರ್ಯದರ್ಶಿಗಳು ಬದಲಾದಾಗಲೆಲ್ಲ ಹೊಸಬರಿಗೆ ಹೇಳಿದರಾಯಿತು ಎಂದು ಯಾರೋ ಅಂದರು. ಹಳೆಯ ಕಾರ್ಯದರ್ಶಿಗಳು ಅದನ್ನು ಮರೆಯುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಅಷ್ಟರಲ್ಲಿ ಸೂರ್ಯಾಸ್ತಕ್ಕೆ ಮುಂಚಿನ ಊಟದ ಹೊತ್ತಾಯಿತೆಂದು ಸಭೆಯನ್ನು ಮುಂದಿನ ಚತುರ್ದಶಿಗೆ ಮುಂದೂಡಲಾಯಿತು.